ಎಚ್‌ಟಿ-2 ಮಾದರಿ, ಎಂಟನೇ ವಾರ: ಸಂಡಿಗೆ ಮೇಲೆ ಲ್ಯಾಂಡಿಂಗ್

ವಾಯುಪಡೆಯ ಹಳೇ ತರಬೇತಿ ವಿಮಾನ ಎಚ್‌ಟಿ-2ರ ಪುಟ್ಟ ಮಾದರಿ ಮಾಡ್ತಿದ್ದೀನಲ್ಲ, ಈ ವಾರ ಅದರ ರೆಕ್ಕೆ ಮುಗಿಯಿತು. ಬಾಲ್ಸಾ ಮರ, 1:8 ಅಳತೆ, ತುದಿಯಿಂದ ತುದಿಗೆ 134 ಸೆಂಟಿಮೀಟರ್. ನನ್ನ ತೋರುಬೆರಳೂ ಅದಕ್ಕೆ ಅಂಟಿಕೊಂಡಿತ್ತು. ಇನ್ಸ್ಟಂಟ್ ಗಮ್ ಮಹಿಮೆ. ಅದೇ ಹೊತ್ತಿಗೆ ಹಾಲಿನವನು ಬೆಲ್ ಮಾಡಿದ. ರೆಕ್ಕೆ ಸಮೇತ ಅಡ್ಡಡ್ಡ ನಡೆದು ಬಾಗಿಲು ತೆಗೆದೆ. "ಸಾರ್ ಇನ್ನೂ ರಿಟೈರ್ ಆಗಿಲ್ವಾ?" ಅಂದ.

ಮಿಗ್-21 ಯುದ್ಧವಿಮಾನ ಬಿಟ್ಟು ಇದನ್ಯಾಕೆ ಮಾಡ್ತಿದ್ದೀಯ ಅಂತ ಹಳೇ ಗೆಳೆಯರು ಕೇಳುತ್ತಲೇ ಇದ್ದಾರೆ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್‌ಗೆ ವಿದಾಯ ಹೇಳಿದ ಮೇಲಂತೂ ಜಾಸ್ತಿ. ಮಿಗ್ ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮೇಲಿನ ವೇಗದಲ್ಲಿ ಇಳಿಯುತ್ತಿತ್ತು, ನಿಜ. ಆದರೆ ಗಾಲಿ ನೆಲಕ್ಕೆ ತಾಗಿದ ಮೇಲೆ ನೇರ ಹೋಗುತ್ತಿತ್ತು. ಎಚ್‌ಟಿ-2 ಇಳಿದ ಮೇಲೇ ತರಲೆ ಶುರು ಮಾಡೋದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ತಂಡ ಮಾಡಿದ ವಿಮಾನ, ಮೊದಲು ಹಾರಿದ್ದು 1951ರಲ್ಲಿ. ನಾನು ಅದೇ ಊರಲ್ಲಿ ಮರುವರ್ಷ ಹುಟ್ಟಿದೆ. ಇಪ್ಪತ್ತು ವರ್ಷ ಆದಮೇಲೆ ಬೀದರ್‌ನ ವಾಯುಪಡೆ ತರಬೇತಿ ಶಾಲೆಯಲ್ಲಿ ನಮ್ಮಿಬ್ಬರ ಭೇಟಿ. ಅದು ಅಷ್ಟೇನೂ ಸುಖಕರವಾಗಿರಲಿಲ್ಲ.

ಕಾರಣ ಹಿಂದಿನ ಪುಟ್ಟ ಗಾಲಿ. ದೊಡ್ಡ ಗಾಲಿಗಳು ಮುಂದೆ, ಭಾರ ಅವುಗಳ ಹಿಂದೆ. ಎತ್ತಿನ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿ, ಮೂಕಿ ಯಾವ ಕಡೆ ಹೊರಳುತ್ತೆ ಅಂತ ಹೇಳೋಕಾಗಲ್ಲ. ಇದೂ ಹಾಗೆ. ಮೂತಿ ಒಂಚೂರು ವಾಲಿದರೆ ಸಾಕು, ಬಾಲ ಸುತ್ತಿ ಮುಂದೆ ಬರಲು ನೋಡುತ್ತೆ. ಅದಕ್ಕೇ ಮೂತಿಯನ್ನು ಎಡಬಲ ತಿರುಗಿಸುವ ಎರಡೂ ಪೆಡಲ್‌ಗಳನ್ನು ಹೊಲಿಗೆ ಮಷಿನ್ ತುಳಿದ ಹಾಗೆ ತುಳಿಯುತ್ತಲೇ ಇರಬೇಕು. ನಾನು ಒಮ್ಮೆ ಕ್ಷಣ ಕಾಲ ಕಾಲು ನಿಲ್ಲಿಸಿದೆ. ವಿಮಾನ ಗರ್ರನೆ ತಿರುಗಿ, ಬಂದ ದಾರಿಯನ್ನೇ ನೋಡುತ್ತಾ ಹುಲ್ಲಿನಲ್ಲಿ ನಿಂತಿತು. ಇನ್ನೊಂದು ಸೀಟಿನಲ್ಲಿದ್ದ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಏನಾದರೂ ಮರೆತು ಬಂದೆಯಾ ಅಂತ ಕೇಳಿದರು.

ಗುರುವಾರ ಮಹಡಿ ಮೇಲೆ ಮೋಟರ್ ಹಾಕಿ ಓಡಿಸಿ ನೋಡಿದೆ. ನಾಲ್ಕು ಮಾರು ನೇರ ಹೋಯಿತು. ಆಮೇಲೆ ಮೂತಿ ಎಡಕ್ಕೆ. ತಕ್ಷಣ ನನ್ನ ಬಲಗಾಲು ನೆಲ ಒತ್ತಿತು. ಗಟ್ಟಿಯಾಗಿ ಒತ್ತಿತು! ಆದರೆ ಪೆಡಲ್ ಈಗ ಕಾಲಲ್ಲಿಲ್ಲವಲ್ಲ, ರಿಮೋಟ್ ಮೇಲಿನ ಹೆಬ್ಬೆರಳಲ್ಲಿದೆ. ಹೆಬ್ಬೆರಳು ಆರಾಮಾಗಿ ಕೂತಿತ್ತು. ವಿಮಾನ ಒಂದು ಸುತ್ತು ಹೊಡೆದು, ಒಣಗಲು ಇಟ್ಟಿದ್ದ ಸಂಡಿಗೆ ಮಧ್ಯೆ ನುಗ್ಗಿತು.

"ರೀ, ಬೀದರ್‌ನಲ್ಲೂ ಹೀಗೇ ಮಾಡ್ತಿದ್ರಾ?"

"ಅಲ್ಲಿ ಸಂಡಿಗೆ ಇರಲಿಲ್ಲ ಕಣೇ."

"ಸರ್ಕಾರ ಪುಣ್ಯ ಮಾಡಿತ್ತು ಬಿಡಿ."

ತಪ್ಪು ಬರೀ ಹೆಬ್ಬೆರಳದ್ದಲ್ಲ. ಎರಡೂ ಗಾಲಿಗೆ ಒಂದೊಂದು ಸೈಕಲ್ ಕಡ್ಡಿ ಕಟ್ಟಿ ಮೇಲಿಂದ ನೋಡಿದೆ. ಕಡ್ಡಿಗಳು ಮುಂದಕ್ಕೆ ಹೋಗುತ್ತಾ ದೂರ ಸರಿಯುತ್ತಿದ್ದವು. ಅಂದರೆ ಗಾಲಿಗಳು ಹೊರಮುಖ. ಮೊಮ್ಮಗನ ಕಂಪಾಸ್ ಬಾಕ್ಸಿನ ಕೋನಮಾಪಕ ಹಿಡಿದರೆ ಎಡಗಾಲಿ ಎರಡು ಡಿಗ್ರಿ ಹೊರಗೆ. ಗಾಲಿ ಹಿಡಿದಿರುವ ತಂತಿಯನ್ನು ವೈಸ್‌ಗೆ ಸಿಕ್ಕಿಸಿ ಬಗ್ಗಿಸಿ, ಎರಡನ್ನೂ ಒಂದೊಂದು ಡಿಗ್ರಿ ಒಳಮುಖ ಮಾಡಿದೆ. ಭಾರ ದೊಡ್ಡ ಗಾಲಿಗಳ ಹತ್ತಿರಕ್ಕೆ ಬರಲಿ ಅಂತ ಬ್ಯಾಟರಿಯನ್ನೂ ಒಂದು ಬೆರಳು ಮುಂದೆ ತಳ್ಳಿದೆ.

ಭಾನುವಾರ ಆರು ಓಟ. ಮೊದಲ ಎರಡು ಗಿರಗಿರ. ಮೂರನೆಯದು ನೇರ. ನಾಲ್ಕನೆಯದೂ ನೇರ. ಐದನೆಯದಕ್ಕೆ ರಿಮೋಟ್ ಮೊಮ್ಮಗನ ಕೈಗೆ ಕೊಟ್ಟೆ, ಅವನದು ನನಗಿಂತ ನೇರ. ಆರನೆಯದರ ಬಗ್ಗೆ ಬರೆಯೋದಿಲ್ಲ. ನನ್ನ ಬಲಗಾಲು ಮಾತ್ರ ಆರೂ ಸಲ ನೆಲ ಒತ್ತಿತು.

ಮುಂದಿನ ವಾರ ಕಾಕ್‌ಪಿಟ್‌ನ ಗಾಜಿನ ಮುಚ್ಚಳ. ಮರದ ಅಚ್ಚು ರೆಡಿ ಇದೆ. ಅದರ ಮೇಲೆ ಎರಡು ಲೀಟರ್ ಸೋಡಾ ಬಾಟಲಿ ಕೂರಿಸಿ ಹೀಟ್ ಗನ್ ಹಿಡಿದರೆ ಪ್ಲಾಸ್ಟಿಕ್ ಸುರುಟಿಕೊಂಡು ಅಚ್ಚಿಗೆ ಅಪ್ಪಿಕೊಳ್ಳುತ್ತೆ. ಕೆಲಸಕ್ಕೆ ಮಹಡಿಯ ಪೂರ್ವ ಮೂಲೆ ಮಾತ್ರ ಸಿಕ್ಕಿದೆ. ಮಿಕ್ಕ ಜಾಗದ ಸುತ್ತ ಮನೆಯವಳು ರಂಗೋಲಿ ಪುಡಿಯಲ್ಲಿ ಗೆರೆ ಎಳೆದಿದ್ದಾಳೆ.