ನರ್ಸಿಂಗ್ ಓದುವವರಿಗೆ ವಯಸ್ಸಾದವರೆಂದರೆ ಬೇಸರವೇ?

ನಾನು ನರ್ಸಿಂಗ್ ಪಾಠ ಮಾಡುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ಈಗಿನ ಹುಡುಗರಿಗೆ ಮುದುಕರನ್ನು ನೋಡಿಕೊಳ್ಳೋದು ಅಂದ್ರೆ ಬೇಸರ ಅಲ್ವಾ?"

ಮುದುಕರ ಮೇಲೆ ಬೇಸರವಿಲ್ಲ. ಆ ಕೆಲಸದ ಮೇಲಿದೆ.

ಇಂಥ ಮನೋಭಾವ ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ನೇಥನ್ ಕೋಗನ್ 1961ರಲ್ಲಿ ಮಾಡಿದ ಒಂದು ಪ್ರಶ್ನಾವಳಿ ಇದೆ. 34 ಹೇಳಿಕೆಗಳು. ಅರ್ಧ ವಯಸ್ಸಾದವರನ್ನು ಹೊಗಳುತ್ತವೆ, ಅರ್ಧ ತೆಗಳುತ್ತವೆ. ಎಷ್ಟು ಒಪ್ಪುತ್ತೀರಿ ಎಂದು ಗುರುತು ಹಾಕಬೇಕು. ಅಜ್ಜಿಯ ಕೈತುತ್ತು ತಿಂದು ಬೆಳೆದ ಮಕ್ಕಳು ದೊಡ್ಡವರ ಬಗ್ಗೆ ಕೆಟ್ಟದಾಗಿ ಗುರುತು ಹಾಕುತ್ತಾರಾ? ಆದರೆ ಮುಂದೆ ಎಲ್ಲಿ ಕೆಲಸ ಮಾಡ್ತೀರಿ ಎಂದು ಕೇಳಿ ನೋಡಿ. ಐಸಿಯು, ಓಟಿ (ಆಪರೇಷನ್ ಥಿಯೇಟರ್), ಇಲ್ಲಾ ವಿದೇಶ. (ವಿದೇಶಕ್ಕೆ ಹೋದ ಎಷ್ಟೋ ಜನಕ್ಕೆ ಸಿಗುವುದು ವೃದ್ಧರ ಆರೈಕೆಯೇ, ಅದು ಬೇರೆ ಮಾತು.)

ಯಾಕೆ ಹೀಗೆ? ವಿದ್ಯಾರ್ಥಿಗಳು ವಾರ್ಡಿನಲ್ಲಿ ನೋಡುವುದು ಲಕ್ವ ಹೊಡೆದವರನ್ನು, ಸೊಂಟ ಮುರಿದವರನ್ನು. ಎಪ್ಪತ್ತೈದರಲ್ಲೂ ತೋಟ ನೋಡಿಕೊಳ್ಳುವ ಅಜ್ಜ ಅಲ್ಲಿಗೆ ಬರುವುದೇ ಇಲ್ಲವಲ್ಲ. ಜೊತೆಗೆ ಭಾಷೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಕೇರಳದ ಮಕ್ಕಳು ಜಾಸ್ತಿ. ಕನ್ನಡ ಬಾರದೆ ಸುಮ್ನೆ ನಿಂತರೆ ನೋಡಿದವರು ಅಸಡ್ಡೆ ಅಂದುಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕಾರಣ, ಇದು ತಲೆ ಓಡಿಸುವ ಕೆಲಸ ಎಂದು ನಾವು ತೋರಿಸಿಕೊಡುವುದಿಲ್ಲ. ಡೈಪರ್ ಬದಲಿಸು, ಮಗ್ಗುಲು ತಿರುಗಿಸು ಎನ್ನುತ್ತೇವೆ, ಅಷ್ಟೇ. ಒಬ್ಬ ಅಜ್ಜಿ ರಾತ್ರೋರಾತ್ರಿ ಏನೇನೋ ಮಾತಾಡುತ್ತಾರೆ, ಮಗನ ಗುರುತೇ ಹಿಡಿಯುವುದಿಲ್ಲ ಅಂದುಕೊಳ್ಳಿ. ಜ್ವರವಿಲ್ಲ. ಅರಳುಮರುಳು ಎಂದು ಮನೆಯವರು ಕೈಬಿಡುತ್ತಾರೆ. ಅದು ಡೆಲಿರಿಯಂ, ಅಂದರೆ ಕಾಯಿಲೆಯಿಂದಲೋ ಔಷಧಿಯಿಂದಲೋ ಇದ್ದಕ್ಕಿದ್ದಂತೆ ಬರುವ ಗೊಂದಲ, ಇರಬಹುದು. ವಯಸ್ಸಾದವರಲ್ಲಿ ಸೋಂಕು ಜ್ವರವೇ ಇಲ್ಲದೆ ಹೀಗೆ ಕಾಣಿಸಿಕೊಳ್ಳುವುದುಂಟು. ನೀರು ಕಡಿಮೆಯಾಗಿರಬಹುದು, ಮಲ ಕಟ್ಟಿರಬಹುದು, ಹೊಸ ನಿದ್ರೆ ಮಾತ್ರೆಯೂ ಕಾರಣವಿರಬಹುದು. ಕಾರಣ ಸಿಕ್ಕಿ ಚಿಕಿತ್ಸೆಯಾದರೆ ಬಹಳಷ್ಟು ಜನ ಮೊದಲಿನಂತಾಗುತ್ತಾರೆ. ಇದನ್ನು ಮೊದಲು ಗಮನಿಸುವುದು ಹೆಚ್ಚಾಗಿ ಪಕ್ಕದಲ್ಲಿರುವ ನರ್ಸೇ. ಇಷ್ಟು ಹೇಳಿಕೊಟ್ಟು ನೋಡಿ, ಐಸಿಯು ಬೇಕು ಅಂದವರೂ ಕೇಸ್ ಶೀಟ್ ತೆರೆದು ಹುಡುಕಲು ಕೂರುತ್ತಾರೆ.

ನಿಮ್ಮ ಮನೆಯ ಹಿರಿಯರು ಆಸ್ಪತ್ರೆ ಸೇರಿದರೆ, ಹಾಸಿಗೆ ಪಕ್ಕ ಬಂದ ವಿದ್ಯಾರ್ಥಿಗೆ ಕಾಯಿಲೆಯ ಜೊತೆ ಇದನ್ನೂ ಹೇಳಿ: ಮೊನ್ನೆಯವರೆಗೆ ಪೇಪರ್ ಓದುತ್ತಿದ್ದರಾ, ದುಡ್ಡಿನ ಲೆಕ್ಕ ಇಡುತ್ತಿದ್ದರಾ, ಒಬ್ಬರೇ ಅಂಗಡಿಗೆ ಹೋಗುತ್ತಿದ್ದರಾ. ಗೊಂದಲ ಹಳೆಯದೋ ಹೊಸದೋ ಎಂದು ಗೊತ್ತಾಗಲು ಅವರಿಗೆ ಬೇಕಾಗುವುದು ಈ ವಿವರವೇ.