ಹೆಳವರ ಹೊತ್ತಗೆಯಲ್ಲಿ ಬಸರಾ ದಂಡು

ಹುಕ್ಕೇರಿ ತಾಲ್ಲೂಕಿನ ನಮ್ಮ ಊರಮನೆಯ ದೇವರ ಜಗಲಿಯ ಮೇಲೆ, ಖಂಡೋಬಾ ಮತ್ತು ಯಲ್ಲಮ್ಮನ ಬೆಳ್ಳಿಯ ಮೂರ್ತಿಗಳ ಪಕ್ಕದಲ್ಲಿ, ಹಿತ್ತಾಳೆ ಬಣ್ಣದ ಒಂದು ದುಂಡನೆಯ ಬಿಲ್ಲೆ ಇದೆ. ರೆಕ್ಕೆ ಹರಡಿ ನಿಂತ ಹೆಣ್ಣೊಬ್ಬಳ ರೂಪ ಅದರ ಮೇಲಿರುವುದರಿಂದ ನಮ್ಮ ಆಯಿ ಅದನ್ನು ದೇವಿಯೆಂದೇ ನಂಬಿದ್ದಳು. ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುಂಕುಮವಿಟ್ಟು, ಉಳಿದ ದೇವರಿಗೆ ಇಟ್ಟಷ್ಟೇ ಎಡೆಯನ್ನು ಅದಕ್ಕೂ ಇಡುತ್ತಿದ್ದಳು. ಅದು ಮೊದಲನೆಯ ಮಹಾಯುದ್ಧದ ವಿಜಯ ಪದಕ. ಹಿಂಬದಿಯಲ್ಲಿ ‘ದಿ ಗ್ರೇಟ್ ವಾರ್ ಫಾರ್ ಸಿವಿಲೈಸೇಶನ್ 1914–1919’ ಎಂಬ ಇಂಗ್ಲಿಷ್ ಬರಹವಿದೆ. ಇದರ ಜೊತೆಗೆ ಬಂದಿದ್ದ ಬೆಳ್ಳಿಯ ಪದಕ ಹಿಂದೆಯೇ ಯಾವುದೋ ಮದುವೆಗೆ ಕರಗಿ ಕಾಲ್ಕಡಗವಾಯಿತೆಂದು ಮನೆಯಲ್ಲಿ ಹೇಳುತ್ತಾರೆ. ಬರಗಾಲಗಳನ್ನು ದಾಟಿ ಬಂದ ಒಕ್ಕಲು ಮನೆಯಲ್ಲಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುವುದು ಕಷ್ಟ. ಇದು ಬೆಳ್ಳಿಯಲ್ಲದ ಕಾರಣಕ್ಕೇ ನನ್ನ ಕೈಗೆ ಸಿಕ್ಕಿತು.

ಈ ಪದಕಗಳ ಅಂಚಿನಲ್ಲಿ ಸಿಪಾಯಿಯ ನಂಬರು, ದರ್ಜೆ, ಹೆಸರು ಮತ್ತು ಪಲ್ಟಣವನ್ನು ಒತ್ತಿರುತ್ತಾರೆ. ಆಯಿಯ ಭಕ್ತಿಯಿಂದಾಗಿ ನಮ್ಮ ಪದಕದ ನಂಬರಿನ ಅರ್ಧಭಾಗ ಸವೆದುಹೋಗಿತ್ತು. ಆದರೆ ಮುತ್ತಜ್ಜನ ಹೆಸರು, ಯಾವನೋ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ರೂಪದಲ್ಲಿ, ಉಳಿದಿತ್ತು. ಅದರ ಮುಂದೆ ‘114 ಮಹ್ರಾಟ್ಟಾಸ್’ ಎಂದಿತ್ತು. ನಮ್ಮದು ಮನೆಯಲ್ಲಿ ಕನ್ನಡವಾಡುವ ಮರಾಠಾ ಒಕ್ಕಲು ಮನೆತನವಾದ್ದರಿಂದ ಆ ಪಲ್ಟಣದಲ್ಲಿ ಅವನಿದ್ದುದು ಸಹಜ. 1922ರಲ್ಲಿ ಸೈನ್ಯವನ್ನು ಮರುರಚಿಸಿದಾಗ ಇದೇ 114ನೆಯ ಪಲ್ಟಣ ಐದನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಬೆಟಾಲಿಯನ್ ಆಗಿ ಬೆಳಗಾವಿಯಲ್ಲಿ ನೆಲೆಸಿತು.

ಸತ್ತವರನ್ನು ಹುಡುಕುವುದು ಬದುಕಿ ಬಂದವರನ್ನು ಹುಡುಕುವುದಕ್ಕಿಂತ ಸುಲಭ ಎಂಬುದು ಈ ಕೆಲಸದಲ್ಲಿ ನನಗೆ ಬೇಗನೆ ತಿಳಿಯಿತು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಮಡಿದ ಅನೇಕ ಸಿಪಾಯಿಗಳ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಎಲ್ಲವೂ ಇವೆ. ಆದರೆ 40,000ಕ್ಕೂ ಹೆಚ್ಚು ಮಂದಿಯ ನೆನಪಿಗೆ ಇರಾಕಿನಲ್ಲಿ ಕಟ್ಟಿದ ಬಸರಾ ಸ್ಮಾರಕದ ಕಲ್ಲುಗಳಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿದ್ದರೂ, ನಮ್ಮ ಸಾಮಾನ್ಯ ಸಿಪಾಯಿಗಳನ್ನು ಪಲ್ಟಣದ ಕೆಳಗೆ ಬರಿಯ ಸಂಖ್ಯೆಯಾಗಿ ಕೆತ್ತಲಾಯಿತು. ಇದನ್ನು ಓದಿದಾಗ ಆದ ಸಂಕಟ ನನ್ನಲ್ಲಿ ಇನ್ನೂ ಆರಿಲ್ಲ. ಬದುಕಿ ಊರಿಗೆ ಮರಳಿ ನೇಗಿಲು ಹಿಡಿದವನಿಗೆ ಆ ಸಂಖ್ಯೆಯಲ್ಲೂ ಪಾಲಿಲ್ಲ. ಯುದ್ಧಕಾಲದಲ್ಲಿ ಭಾರತದಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದವರು, ಸಿಪಾಯಿಗಳೂ ಕೂಲಿಯಾಳುಗಳೂ ಸೇರಿ, ಸುಮಾರು 5,88,000 ಮಂದಿ. ಅವರಲ್ಲಿ ಹಿಂದಿರುಗಿದ ಒಬ್ಬ ರೈತನ ಗುರುತನ್ನು ಸರ್ಕಾರದ ಕಡತಗಳಲ್ಲಿ ಹುಡುಕುವ ಬದಲು, ನಮ್ಮ ಸೀಮೆಯಲ್ಲಿ ವಂಶಾವಳಿಯನ್ನು ಕಾಯ್ದುಕೊಂಡು ಬಂದವರನ್ನೇ ಕೇಳಬೇಕೆಂದು ನನಗೆ ತೋರಿತು.

ಅವರು ಹೆಳವರು. ಜೋಳದ ರಾಶಿ ಮುಗಿದ ಮೇಲೆ ಹೆಳವಪ್ಪ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದುದನ್ನು ಊರಿನ ಹಿರಿಯರೆಲ್ಲ ಬಲ್ಲರು. ಎತ್ತಿನ ಜಾಗಕ್ಕೆ ಈಗ ಮೋಟಾರು ಸೈಕಲ್ ಬಂದಿದೆ. ಹೊತ್ತಗೆ ಮಾತ್ರ ಅದೇ. ಪ್ರತಿ ಹೆಳವ ಕುಟುಂಬಕ್ಕೂ ಅದರದೇ ಊರುಗಳು, ಅದರದೇ ಮನೆತನಗಳು ಇರುತ್ತವೆ. ನಮ್ಮ ಮನೆತನದ ಹೊತ್ತಗೆ ಗೋಕಾಕದ ಕಡೆಯ ಒಂದು ಹೆಳವ ಕುಟುಂಬದಲ್ಲಿದೆ ಎಂಬುದನ್ನು ದೊಡ್ಡಪ್ಪ ನೆನಪಿಟ್ಟುಕೊಂಡಿದ್ದರು. ಅವರು ಹೇಳಿ ಕಳಿಸಿದ ಮೇಲೆ, ಸುಗ್ಗಿ ಮುಗಿದ ಒಂದು ಬೆಳಿಗ್ಗೆ ಹೆಳವಪ್ಪ ಬಂದರು.

ಪಡಸಾಲೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಒಂದು ಮೊರ ಜೋಳ, ತೆಂಗಿನಕಾಯಿ, ಎಲೆ-ಅಡಿಕೆ ಇಟ್ಟೆವು. ಬೇರೆ ಬೇರೆ ಮನೆ ಹೂಡಿರುವ ಅಣ್ಣತಮ್ಮಂದಿರೆಲ್ಲ ಬಂದು ಕುಳಿತ ಮೇಲೆಯೇ ಅವರು ಬಟ್ಟೆಯ ಗಂಟು ಬಿಚ್ಚಿದರು. ಉದ್ದುದ್ದನೆಯ ಹಾಳೆಗಳನ್ನು ಕೂಡಿಸಿ ಹೊಲಿದ, ಅಂಚು ಕಂದಿದ ಪುಸ್ತಕ ಅದು. ದೇವರನ್ನು ನೆನೆದು ಓದಲಾರಂಭಿಸಿದಾಗ ಅವರ ದನಿ ಬದಲಾಯಿತು. ಮಾತಿಗೂ ಹಾಡಿಗೂ ನಡುವಿನ ಒಂದು ಲಯದಲ್ಲಿ, ಮೂಲ ಪುರುಷ ಯಾವ ಊರಿನಿಂದ ಬಂದ, ಯಾವ ಬರದಲ್ಲಿ ಹೊಳೆ ದಾಟಿದ, ಅವನಿಗೆ ಮಕ್ಕಳೆಷ್ಟು, ಯಾರ ಬಳ್ಳಿ ಹಬ್ಬಿತು, ಯಾರದು ಕಡಿಯಿತು ಎಂಬುದೆಲ್ಲ ಹರಿದು ಬಂತು. ಮುತ್ತಜ್ಜನ ಹೆಸರು ಬಂದಾಗ ನಾನು ನಿಲ್ಲಿಸಿ ಮತ್ತೊಮ್ಮೆ ಓದಲು ಬೇಡಿಕೊಂಡೆ. ಹೆಳವಪ್ಪ ಬೆರಳಿಟ್ಟು ನಿಧಾನವಾಗಿ ಓದಿದರು:

“ಎರಡನೇ ಮಗ, ಬಸರಾ ದಂಡಿಗೆ ಹೋಗಿ ತಿರುಗಿ ಬಂದಾತ. ಮೊದಲನೇ ಹೇಣತಿ ತೀರಿಕೊಂಡಳು, ಸಂತಾನಿಲ್ಲ. ಎರಡನೇ ಹೇಣತಿ ಕಡಿಂದ ಮೂರು ಗಂಡು. ಎತ್ತು ನಾಕು, ಕೂರಿಗಿ ಒಂದು.”

ದೊಡ್ಡಪ್ಪ ತಡೆದು ಕೇಳಿದರು: “ಮೊದಲನೇದಾಕಿ ಅಂತ ಒಬ್ಬಾಕಿ ಇದ್ದಳೇನು, ಹೆಳವಪ್ಪ? ನಮಗ್ಯಾರೂ ಹೇಳೇ ಇಲ್ಲಲ್ಲ.”

“ನಮ್ಮ ಅಜ್ಜ ಬರದಾನ್ರೀ ಯಜಮಾನ್ರ. ಇಲ್ಲದ್ದು ಅಂವಾ ಬರಿಯೂದಿಲ್ಲ.”

ಆಕೆಯ ಹೆಸರು ಹೊತ್ತಗೆಯಲ್ಲಿರಲಿಲ್ಲ. ನಮ್ಮ ಮನೆತನದ ಹಾಳೆಗಳಲ್ಲಿ ಹೆಂಗಸರೆಲ್ಲ ಹಾಗೆಯೇ ಇದ್ದಾರೆ: ಇಂಥ ಊರಿನ ಮಗಳು, ಇಂಥವನ ಹೆಂಡತಿ. ನಾಲ್ಕು ಎತ್ತುಗಳ ಲೆಕ್ಕವಿರುವ ಸಾಲಿನಲ್ಲಿ ಆಕೆಯ ಹೆಸರಿಗೆ ಸ್ಥಳವಿಲ್ಲದ್ದು ನನ್ನನ್ನು ಬಹಳ ಕಾಡಿತು. ಅಲ್ಲಿಯವರೆಗೆ ನಾನು ಹುಡುಕುತ್ತಿದ್ದುದು ಒಬ್ಬ ಸಿಪಾಯಿಯನ್ನು; ಅಂದಿನಿಂದ ಆಕೆಯನ್ನೂ ಹುಡುಕಬೇಕಾಯಿತು.

ಮುಂಬಯಿ ಪ್ರಾಂತದ ಹಳ್ಳಿಗಳಲ್ಲಿ ಜನನ-ಮರಣದ ರಿಜಿಸ್ಟರುಗಳನ್ನು ಇಡುತ್ತಿದ್ದರು. ಈಗ ಅವು ತಹಶೀಲ್ದಾರರ ಕಚೇರಿಯ ದಾಖಲೆ ಕೋಣೆಗಳಲ್ಲಿವೆ. ಜಾತಿ ಪ್ರಮಾಣಪತ್ರಕ್ಕಾಗಿ ಜನ ಅವುಗಳ ನಕಲು ಕೇಳುವುದುಂಟು. ನಮ್ಮೂರಿನ ಹಳೆಯ ಪುಟಗಳು ಮರಾಠಿಯನ್ನು ಬರೆಯುತ್ತಿದ್ದ ಹಳೆಯ ಮೋಡಿ ಲಿಪಿಯಲ್ಲಿದ್ದವು. ಮೋಡಿ ಓದಬಲ್ಲ ನಿಪ್ಪಾಣಿಯ ನಿವೃತ್ತ ಶಿಕ್ಷಕರೊಬ್ಬರು ನನ್ನೊಡನೆ ಬಂದು, ಕನ್ನಡಕವನ್ನು ಹಣೆಗೇರಿಸಿ, ಕಾಗದಕ್ಕೆ ಮುಖ ತಾಗುವಷ್ಟು ಬಗ್ಗಿ ಓದಿದರು. 1918ರ ಪುಟಗಳಿಗೆ ಬಂದಾಗ ಅವರು ಓದುವುದನ್ನು ನಿಲ್ಲಿಸಿ ಸುಮ್ಮನೆ ಪುಟ ತಿರುವತೊಡಗಿದರು. ಆಗಸ್ಟಿನವರೆಗೆ ತಿಂಗಳಿಗೆ ಒಂದೆರಡು ಸಾವುಗಳಿದ್ದ ಊರಿನಲ್ಲಿ ಅಕ್ಟೋಬರಿಗೆ ಪುಟಗಳೇ ತುಂಬಿದ್ದವು. ಕಾರಣದ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಜ್ವರ’, ‘ಜ್ವರ’, ‘ಜ್ವರ’.

ಅದು ಇನ್‌ಫ್ಲುಯೆಂಜಾ. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡು, ಸೆಪ್ಟೆಂಬರಿನ ಹೊತ್ತಿಗೆ ಹೆಚ್ಚು ಭೀಕರವಾಗಿ ಮರಳಿ, ಒಳನಾಡಿಗೆ ಹರಡಿದ ಆ ಜ್ವರ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಅದೇ ವರ್ಷ ಮಳೆಯೂ ಕೈಕೊಟ್ಟು ದಖನ್ನಿನಲ್ಲಿ ಮುಂಗಾರು ಬೆಳೆ ಒಣಗಿತ್ತು. ಹಸಿದ ಮೈಗಳ ಮೇಲೆ ಜ್ವರ ಬಂತು. ಅಕ್ಟೋಬರ್ ಕೊನೆಯ ವಾರದ ಎರಡು ನಮೂದುಗಳು ನಮ್ಮ ಮನೆಯವು: ಮೊದಲು ಒಂದು ವರ್ಷದೊಳಗಿನ ಹೆಣ್ಣುಮಗು, ಎರಡು ದಿನದ ನಂತರ ಅದರ ತಾಯಿ. ವಯಸ್ಸು 20. ಹೆಸರಿನ ಮುಂದೆ ಮುತ್ತಜ್ಜನ ಹೆಸರು, ಮನೆತನದ ಅಡ್ಡಹೆಸರು ಸ್ಪಷ್ಟವಾಗಿದ್ದವು. ಹೊತ್ತಗೆ ‘ಸಂತಾನವಿಲ್ಲ’ ಎಂದದ್ದು ಯಾವ ಕೂಸನ್ನು ಲೆಕ್ಕದಿಂದ ಬಿಟ್ಟು ಎಂಬುದೂ ತಿಳಿಯಿತು.

ಅದೇ ವಾರ ಟೈಗ್ರಿಸ್ ನದಿಯ ದಂಡೆಯಲ್ಲಿ 114ನೆಯ ಪಲ್ಟಣ ಶರ್ಕಾತದ ಕದನದಲ್ಲಿತ್ತು. ಬ್ರಿಟಿಷ್ ಜನರಲ್ ಕಾಬ್‌ ಅವರ ಪಡೆ ಅಕ್ಟೋಬರ್ 23ರ ಸುಮಾರಿಗೆ ಮುಂದೊತ್ತಿತು. ಕುದುರೆ ಪಡೆ ಉತ್ತರದ ಕಡೆಯಿಂದ ಹೊಳೆ ದಾಟಿ ತುರ್ಕರ ದಾರಿ ಕಟ್ಟಿತು. ಪದಾತಿಗಳು ದಕ್ಷಿಣದಿಂದ ಏರಿಹೋದರು. 30ರಂದು ತುರ್ಕರ ದಂಡನಾಯಕ ಇಸ್ಮಾಯಿಲ್ ಹಕ್ಕಿ ಬೇ ಶರಣಾದ. ಸೆರೆಸಿಕ್ಕವರು 11,000ಕ್ಕೂ ಹೆಚ್ಚು. ಮುದ್ರೋಸಿನಲ್ಲಿ ತುರ್ಕರೊಡನೆ ಕದನವಿರಾಮಕ್ಕೆ ಸಹಿ ಬಿದ್ದದ್ದೂ ಅದೇ ದಿನ. ಈ ಕಾಳಗದಲ್ಲಿ 114ನೆಯ ಪಲ್ಟಣಕ್ಕೆ 28 ಶೌರ್ಯ ಪ್ರಶಸ್ತಿಗಳು ಬಂದವೆಂದು ಪಲ್ಟಣದ ಇತಿಹಾಸ ಇಂದಿಗೂ ಹೆಮ್ಮೆಯಿಂದ ಹೇಳುತ್ತದೆ. ಬದುಕಿ ಉಳಿದೆನೆಂದು ಮುತ್ತಜ್ಜ ಅಂದು ಖಂಡೋಬನಿಗೆ ಕೈಮುಗಿದಿದ್ದರೆ, ಊರಿನಲ್ಲಿ ತನಗಾಗಿ ಕಾಯುವವರಿದ್ದಾರೆ ಎಂಬ ನಂಬಿಕೆಯಿಂದಲೇ ಮುಗಿದಿರುತ್ತಾನೆ. ಮನೆಯವರು ಹೆದರಿದ್ದೆಲ್ಲ ಅವನ ಜೀವಕ್ಕಾಗಿ. ಸಾವು ಬಂದದ್ದು ಹೆದರಿ ಕುಳಿತವರ ಮನೆಗೆ.

ಹಿಂದಿರುಗಿದ ಮೇಲಿನ ಬದುಕಿಗೆ ಸಾಕ್ಷಿ ಹಕ್ಕುಪತ್ರಗಳ ಹಳೆಯ ನೋಂದಣಿ. 1921ರಲ್ಲಿ ಊರ ಪೂರ್ವಕ್ಕಿರುವ ನಾಲ್ಕು ಎಕರೆ ಎರಿ ಹೊಲ ಖರೀದಿಯಿಂದ ಅವನ ಹೆಸರಿಗೆ ಬಂದಿದೆ. ಸಿಪಾಯಿಯ ಸಂಬಳ ಯುದ್ಧದ ಆರಂಭದಲ್ಲಿ ತಿಂಗಳಿಗೆ 11 ರೂಪಾಯಿ. ಆ ಕೂಡಿಟ್ಟ ಹಣವೇ ಹೊಲವಾಯಿತೆಂಬ ಮನೆಯ ಮಾತನ್ನು ನಾನು ನಂಬುತ್ತೇನೆ. ಅಲ್ಲಿಂದ ಮುಂದಿನ ಯಾವ ಕಾಗದದಲ್ಲೂ ಅವನು ಸಿಪಾಯಿಯಲ್ಲ. ಸಾಲದ ಕಾಗದ, ಆಸ್ತಿ ಪಾಲಿನ ವಾಟ್ನಿ ಪತ್ರ, ಹೊಲದ ಉತಾರ ಎಲ್ಲದರಲ್ಲೂ ಉದ್ಯೋಗ ಒಂದೇ: ಶೇತ್ಕಿ, ಅಂದರೆ ಒಕ್ಕಲುತನ. ಯುದ್ಧದ ಕಥೆಯನ್ನು ಅವನು ಮಕ್ಕಳ ಮುಂದೆ ಎಂದೂ ಹೇಳಲಿಲ್ಲವಂತೆ. ಅದನ್ನು ಗಂಭೀರ ಸ್ವಭಾವವೆಂದು ಮನೆಯವರು ಹೊಗಳುತ್ತಿದ್ದರು. ಅಕ್ಟೋಬರಿನ ಆ ಪುಟವನ್ನು ನೋಡಿದ ಮೇಲೆ ನನಗೆ ಬೇರೆ ತೋರುತ್ತದೆ: ಶರ್ಕಾತದ ಕಥೆ ಹೇಳಹೊರಟರೆ, ಕೇಳಿದ ಮಕ್ಕಳು ‘ಆಮ್ಯಾಲ ಊರಿಗೆ ಬಂದಾಗ ಏನಾತು?’ ಎಂದು ಕೇಳದೆ ಬಿಡುತ್ತಿರಲಿಲ್ಲ.

ರಿಜಿಸ್ಟರಿನ ದೃಢೀಕೃತ ನಕಲು ಕೈಗೆ ಬಂದ ದಿನವೇ ಹೆಳವಪ್ಪನವರಿಗೆ ಫೋನು ಮಾಡಿ, ತಾಯಿ-ಮಗುವಿನ ಹೆಸರುಗಳನ್ನು ಹೊತ್ತಗೆಯಲ್ಲಿ ಸೇರಿಸಬಹುದೇ ಎಂದು ಕೇಳಿದೆ. ಬರೆಯಲು ಅವರದೇನೂ ತಕರಾರಿಲ್ಲ. ಆದರೆ ಫೋನಿನಲ್ಲಿ ಕೇಳಿ ಬರೆಯುವ ಪದ್ಧತಿಯಿಲ್ಲ, ಅಣ್ಣತಮ್ಮಂದಿರೆಲ್ಲ ಕೂಡಿ ಕುಳಿತಾಗಲೇ ಹೊತ್ತಗೆ ತೆರೆಯಬೇಕು, ಎಲ್ಲರೆದುರು ಓದಿ ಹೇಳಬೇಕು. ಮುಂದಿನ ಸುಗ್ಗಿಗೆ ಬರುವುದಾಗಿ ಮಾತು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಆ ಎರಡು ಹೆಸರುಗಳನ್ನು ನಾನು ಬೇರೆಲ್ಲೂ ಬರೆಯುವುದಿಲ್ಲ. ಈ ಬಾರಿ ಅಣ್ಣತಮ್ಮಂದಿರ ಜೊತೆಗೆ ಮನೆಯ ಹೆಣ್ಣುಮಕ್ಕಳನ್ನೂ ಅವರವರ ಗಂಡನ ಮನೆಗಳಿಂದ ಕರೆಸಬೇಕೆಂದು ದೊಡ್ಡಪ್ಪನವರು ಈಗಲೇ ಹೇಳಿಟ್ಟಿದ್ದಾರೆ.