ಹೊಸದೇ ಸಿಗುತ್ತದಲ್ಲ, ನಕಲು ಏಕೆ ಮಾಡುತ್ತೀರಿ?

ಮನೆಗೆ ಬಂದವರು ನನ್ನ ಮೇಜಿನ ಮೇಲಿನ ಸಿಲಿಕೋನ್ ಅಚ್ಚುಗಳನ್ನು ಕಂಡ ಕೂಡಲೇ ಕೇಳುವ ಪ್ರಶ್ನೆ ಇದು. ಸಿಗುವುದಿಲ್ಲ. ಉತ್ತರ ಅಷ್ಟೇ. ಅಷ್ಟಕ್ಕೆ ಸಮಾಧಾನವಾಗದವರು ಮುಂದೆ ಓದಬಹುದು.

ನಾನು ಎರಕ ಹೊಯ್ಯುವುದು 'ಹೀರೋಕ್ವೆಸ್ಟ್' ಎಂಬ ಬೋರ್ಡ್ ಆಟದ ಪ್ಲಾಸ್ಟಿಕ್ ಗೊಂಬೆಗಳನ್ನು. 1989ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಜೊತೆಗೂಡಿ ತಂದ ಆಟವಿದು. ಇಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಪೆಟ್ಟಿಗೆಗಳು ಈಗಲೂ ಕೈಗೆ ಸಿಗುತ್ತವೆ. ಆದರೆ ತೆರೆದು ನೋಡಿದರೆ ಅಸ್ಥಿಪಂಜರದ ಕೈಯಲ್ಲಿನ ಕುಡುಗೋಲು ಮುರಿದಿರುತ್ತದೆ, ಮೇಜು ಕಪಾಟುಗಳ ಮೇಲೆ ಸಿಕ್ಕಿಸುವ ಪುಟ್ಟ ತಲೆಬುರುಡೆ, ಇಲಿಗಳು ಮಾಯವಾಗಿರುತ್ತವೆ. ಮೊಬೈಲ್ ತೆಗೆದು, 2021ರಲ್ಲಿ ಬಂದ ಹೊಸ ಆವೃತ್ತಿಯನ್ನು ತೋರಿಸಿ ಗೆದ್ದವರಂತೆ ನಗುವವರಿದ್ದಾರೆ. ಆ ಗೊಂಬೆಗಳನ್ನು ಹೊಸದಾಗಿ ಕೆತ್ತಿದ್ದಾರೆ, ಸ್ವಾಮಿ. ಹಳೆಯ ಆಟದ ಫಿಮಿರ್ ಎಂಬ ಒಕ್ಕಣ್ಣಿನ ರಾಕ್ಷಸ ಅದರಲ್ಲಿ ಇಲ್ಲವೇ ಇಲ್ಲ.

ಒಂದು ದೀಪಾವಳಿ ಊಟಕ್ಕೆ ಬಂದಿದ್ದ ಹಿರಿಯರೊಬ್ಬರು ನಾನು ಮಾಡಿದ ಅಸ್ಥಿಪಂಜರವನ್ನು ಎತ್ತಿ, ತಿರುಗಿಸಿ ನೋಡಿ, "ಡೂಪ್ಲಿಕೇಟಾ? ಇಷ್ಟು ಸಂಬಳ ತರುತ್ತೀಯಪ್ಪ, ಎರಡು ಗೊಂಬೆ ಕೊಳ್ಳಲು ಆಗಲಿಲ್ಲವೇ?" ಎಂದರು. ಹೋಳಿಗೆ ಬಡಿಸುತ್ತಿದ್ದವನು ಸುಮ್ಮನಾದೆ. ಆಗ ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ. ಚೌಕಾಬಾರದಲ್ಲಿ ಕಾಯಿ ಕಳೆದರೆ ಬಳೆಚೂರು ಇಟ್ಟು ಆಟ ಮುಂದುವರಿಸಿದ ಮನೆಗಳಿಂದ ಬಂದವರು ನಾವು. ಆ ಬಳೆಚೂರನ್ನು ಯಾರೂ ಡೂಪ್ಲಿಕೇಟ್ ಎನ್ನಲಿಲ್ಲ.

ನನಗೆ ಬೇಕಾಗಿದ್ದ ಪ್ರಶ್ನೆ ಬೇರೆ: "ಈ ಕುಡುಗೋಲಿನ ತುದಿ ಇಷ್ಟು ಚೂಪಾಗಿ ಬಂದದ್ದು ಹೇಗೆ?"

ಅಸಲಿ ಗೊಂಬೆಯನ್ನು ಅರ್ಧದವರೆಗೆ ಮಾಡೆಲಿಂಗ್ ಕ್ಲೇಯಲ್ಲಿ ಹುದುಗಿಸಿ, ಸುತ್ತ ಲೆಗೊ ಇಟ್ಟಿಗೆಗಳ ಗೋಡೆ ಕಟ್ಟಿ ಸಿಲಿಕೋನ್ ರಬ್ಬರ್ ಸುರಿಯುತ್ತೇನೆ. ಕ್ಲೇಯಲ್ಲಿ ಗಂಧಕ ಇರಬಾರದು. ಇದ್ದರೆ ಪ್ಲಾಟಿನಂ ಬಗೆಯ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಅದು ಗಟ್ಟಿಯಾದ ಮೇಲೆ ತಿರುಗಿಸಿ, ಕ್ಲೇ ತೆಗೆದು, ಮೊದಲ ಅರ್ಧಕ್ಕೆ ವ್ಯಾಸಲೀನ್ ತೆಳ್ಳಗೆ ಸವರಿ ಎರಡನೆಯದನ್ನು ಸುರಿಯಬೇಕು, ಇಲ್ಲವಾದರೆ ಎರಡೂ ಒಂದೇ ಮುದ್ದೆಯಾಗುತ್ತವೆ. ಆಮೇಲೆ ಅಸಲಿಯನ್ನು ಹೊರತೆಗೆದು, ರೆಸಿನ್ (ಬೆರೆಸಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಹೊಯ್ಯುವ ಮೊದಲು ಅಚ್ಚಿನೊಳಗೆ ಟಾಲ್ಕಂ ಪೌಡರ್ ಉದುರಿಸಿ ಕೊಡವುತ್ತೇನೆ. ಆಗ ದ್ರವವು ಸಂದುಗೊಂದುಗಳಿಗೂ ಹರಿಯುತ್ತದೆ. ಕುಡುಗೋಲಿನ ತುದಿಯಿಂದ ಹೊರಕ್ಕೆ ಕೂದಲೆಳೆಯಷ್ಟು ದಾರಿ ಕೊರೆದರೆ ಸಿಕ್ಕಿಕೊಂಡ ಗಾಳಿ ಅಲ್ಲಿಂದ ಹೋಗುತ್ತದೆ. ಹಿಡಿಯೊಳಗೆ ತೆಳುವಾದ ಹಿತ್ತಾಳೆ ತಂತಿ ಇಡುತ್ತೇನೆ, ಏಕೆಂದರೆ ಅಸಲಿ ಪ್ಲಾಸ್ಟಿಕ್ ಬಾಗುತ್ತದೆ, ರೆಸಿನ್ ಪಟ್ಟನೆ ಮುರಿಯುತ್ತದೆ. ಬೆರೆಸಿದ ರೆಸಿನ್ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ, ಪಾರದರ್ಶಕವಾಗಿದ್ದದ್ದು ನೋಡನೋಡುತ್ತಲೇ ಹಾಲಿನಂತೆ ಮಬ್ಬಾಗುತ್ತದೆ. ಆ ಕ್ಷಣವನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಇನ್ನು, ಇದು ಕಳ್ಳತನವಲ್ಲವೇ ಎಂಬ ಮಾತು. ತಯಾರಿಕೆ ನಿಂತ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿಯುವುದಿಲ್ಲ, ಇದು ನನಗೆ ಗೊತ್ತು. ಮನೆಯೊಳಗೆ ಮಾಡಿದರೆ ಕಾನೂನಿನಲ್ಲಿ ಎಲ್ಲವೂ ಸರಿ ಎಂದೂ ನಾನು ವಾದಿಸುವುದಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ಮೋಸ ಒಂದೇ: ನಕಲನ್ನು ಅಸಲಿಯೆಂದು ಮಾರುವುದು. ಹಳೆಯ ಬಿಡಿ ಗೊಂಬೆಗಳಿಗೆ ಬೆಲೆ ಏರಿರುವಾಗ ಆ ಆಸೆ ಹುಟ್ಟುವುದು ಸುಲಭ. ಅದಕ್ಕೇ ನನ್ನ ಅಸ್ಥಿಪಂಜರಗಳು ಬಿಳಿಯಲ್ಲ, ನೀಲಿ. ರೆಸಿನ್‌ನಲ್ಲಿಯೇ ಬಣ್ಣ ಬೆರೆಸುತ್ತೇನೆ, ಹಾಗಾಗಿ ಕೆರೆದರೂ ಹೋಗುವುದಿಲ್ಲ. ಪೀಠದ ಅಡಿಯಲ್ಲಿ 'ನ' ಎಂದು ಕೊರೆದಿರುತ್ತದೆ. ನಾನು ಸತ್ತ ಮೇಲೆ ಪೆಟ್ಟಿಗೆ ಯಾರ ಕೈ ಸೇರಿದರೂ ಅವರು ಮೋಸಹೋಗಬಾರದು.

"ನನಗೂ ನಾಲ್ಕು ಇಲಿ ಮಾಡಿಕೊಡಿ, ದುಡ್ಡು ಕೊಡುತ್ತೇನೆ" ಎನ್ನುವವರಿಗೆ: ಮಾರುವುದಿಲ್ಲ. ನಿಮ್ಮ ಮುರಿದ ಗೊಂಬೆಯನ್ನು ತನ್ನಿ, ಅಚ್ಚು ಮಾಡುವುದನ್ನು ಕಲಿಸುತ್ತೇನೆ. ಕೈಗವಸು ನಾನೇ ಕೊಡುತ್ತೇನೆ, ಕಿಟಕಿಯನ್ನೂ ತೆರೆದಿಡುತ್ತೇನೆ.